ಮಲಗೋ ಹೊತ್ತಲ್ಲಿ ಮಕ್ಕಳನ್ನು ನಗಿಸಬಾರದಾ?

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಒಂದು ಬಿಎಚ್‌ಕೆ ಮನೆಯಲ್ಲಿದ್ದೇವೆ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಎರಡು. ರಾತ್ರಿ ಮಲಗಿಸುವಾಗ ಒಂದು ಚಿತ್ರಪುಸ್ತಕ ಓದುತ್ತೇನೆ. ಸ್ನಾನ ಬೇಡ ಅಂತ ಮನೆಯೆಲ್ಲ ಅಡಗಿಕೊಳ್ಳುವ ಎಮ್ಮೆಯ ಕಥೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆಮೇಲೆ ಹಾಸಿಗೆ ಮೇಲೆ ಕುಣಿತ. ಮಲಗುವಾಗ ಹತ್ತೂವರೆ ದಾಟಿರುತ್ತದೆ. ‘ರಾತ್ರಿ ಹೊತ್ತು ಮಕ್ಕಳನ್ನ ನಗಿಸಬೇಡ, ನಾಲ್ಕು ಒಳ್ಳೆ ಮಾತಿರೋ ಕಥೆ ಹೇಳು’ ಅನ್ನುತ್ತಾರೆ ಅತ್ತೆ. ಪುಸ್ತಕ ಇಂಗ್ಲಿಷಿನದು, ನಾನು ಕನ್ನಡದಲ್ಲಿ ಹೇಳುತ್ತೇನೆ. ಮಗಳಿಗೆ ದಿನಾ ಅದೇ ಬೇಕು, ನನಗೆ ಸಾಕಾಗಿದೆ. ಗಂಡ ಮನೆ ಸೇರುವುದೇ ಒಂಬತ್ತರ ಮೇಲೆ. ಇಲ್ಲೇ ಹುಟ್ಟಿ ಬೆಳೆದವರು, ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಈ ಪುಸ್ತಕ ನಿಲ್ಲಿಸಲಾ? ಚಿಕ್ಕವನು ಪುಟ ಹರಿಯುತ್ತಾನೆ, ಅದಕ್ಕೂ ಏನಾದರೂ ಹೇಳಿ.

ಉತ್ತರ: ನಿಲ್ಲಿಸಬೇಡಿ. ಎಮ್ಮೆ ಇರಲಿ, ಅದು ಬರುವ ಹೊತ್ತು ಮಾತ್ರ ಬದಲಾಗಲಿ. ದೀಪ ಆರಿಸುವ ಮುಂಚಿನ ಕೊನೇ ಕೆಲಸವಾಗಿ ನೀವು ಅದನ್ನು ಓದುತ್ತಿದ್ದೀರಿ ಅನ್ನಿಸುತ್ತದೆ. ನಗಿಸುವ ಪುಸ್ತಕ ಮೊದಲು ಬರಬೇಕು, ಮೆತ್ತಗಿನದು ಕೊನೆಗೆ. ಇಷ್ಟು ಮಾಡಿದರೆ ಅರ್ಧ ತೊಂದರೆ ಹೋಗುತ್ತದೆ. ಉಳಿದ ಅರ್ಧಕ್ಕೆ ಎಮ್ಮೆ ಕಾರಣವೇ ಅಲ್ಲ ಅಂತ ನನ್ನ ಅನುಮಾನ.

ಆ ಅನುಮಾನವನ್ನೇ ಮೊದಲು ಮುಗಿಸೋಣ. ಮಗಳು ಮಧ್ಯಾಹ್ನದ ನಿದ್ದೆಯಿಂದ ಎಷ್ಟು ಗಂಟೆಗೆ ಏಳುತ್ತಾಳೆ? ನೀವು ಬರೆದಿಲ್ಲ. ಠಾಣೆ, ಮುಲುಂಡ್, ಡೊಂಬಿವಲಿ ಕಡೆಯ ತಾಯಂದಿರು ಹೇಳುವ ದಿನಚರಿ ಹೆಚ್ಚುಕಡಿಮೆ ಒಂದೇ. ಶಾಲೆಯಿಂದ ಬಂದು, ಊಟ ಮಾಡಿ, ಸ್ವಲ್ಪ ಕಾರ್ಟೂನ್ ನೋಡಿ, ಮೂರೂವರೆಗೆ ಮಲಗಿದ ಮಗು ಐದೂವರೆಗೆ ಏಳುತ್ತದೆ. ಐದೂವರೆಗೆ ಎದ್ದ ಮಗುವಿಗೆ ಒಂಬತ್ತಕ್ಕೆ ನಿದ್ದೆ ಬಾ ಅಂದರೆ ಎಲ್ಲಿಂದ ಬರಬೇಕು? ಪಾಪ, ಬೈಗುಳ ಮಾತ್ರ ಎಮ್ಮೆಗೆ.

ಲೆಕ್ಕ ಹೀಗಿದೆ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆ ಪ್ರಕಾರ ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ. ಇದರಲ್ಲಿ ಹಗಲಿನ ನಿದ್ದೆಯೂ ಸೇರಿದೆ. ಮಗಳು ಹತ್ತೂವರೆಗೆ ಮಲಗಿ ಬೆಳಗ್ಗೆ ಏಳಕ್ಕೆ ಎದ್ದರೆ ಎಂಟೂವರೆ ಗಂಟೆ ಆಯಿತು. ಮಿಕ್ಕಿದ್ದನ್ನು ಮಧ್ಯಾಹ್ನ ವಸೂಲಿ ಮಾಡಿಕೊಳ್ಳುತ್ತಾಳೆ, ಅದರಿಂದ ರಾತ್ರಿ ಮತ್ತೆ ತಡ. ಇದೊಂದು ಚಕ್ರ. ಅವಳನ್ನು ಮಧ್ಯಾಹ್ನ ಬೇಗ ಮಲಗಿಸಿ, ಮೂರೂವರೆಯೊಳಗೆ ಎಬ್ಬಿಸಿ ನೋಡಿ. ಮೊದಲ ಕೆಲವು ದಿನ ಸಂಜೆ ಕಿರಿಕಿರಿ ಮಾಡುತ್ತಾಳೆ, ತಡೆದುಕೊಳ್ಳಿ. ಚಿಕ್ಕವನ ಹಗಲು ನಿದ್ದೆಯನ್ನು ಮಾತ್ರ ಕತ್ತರಿಸಬೇಡಿ, ಅವನಿಗೆ ಅದು ಬೇಕೇ ಬೇಕು.

ಇನ್ನೊಂದು ಗುರುತು ಹೇಳುತ್ತೇನೆ. ನಿದ್ದೆ ಮೀರಿ ಸುಸ್ತಾದ ಮಗು ಮಂಕಾಗುವುದಿಲ್ಲ, ತದ್ವಿರುದ್ಧ. ಏನೂ ಇಲ್ಲದೆ ಕಿಸಿಕಿಸಿ ನಗುತ್ತದೆ, ಓಡುತ್ತದೆ, ಬೀಳುತ್ತದೆ, ಆಮೇಲೆ ಅಳುತ್ತದೆ. ಆ ನಗು ಬೇರೆ, ಕಥೆಗೆ ಬರುವ ನಗು ಬೇರೆ. ಪುಸ್ತಕ ತೆರೆಯುವ ಮೊದಲೇ ಹಾಗೆ ನಗುತ್ತಿದ್ದರೆ ಅವತ್ತು ಯಾವ ಪುಸ್ತಕವೂ ಬೇಡ. ಲೈಟ್ ಆಫ್ ಮಾಡಿ ಮಲಗಿಸಿ.

ಸರಿ, ಈಗ ನಗು. ನಗುವಾಗ ಎದೆಬಡಿತ ಏರುತ್ತದೆ, ಮೈ ಬಿಸಿಯಾಗುತ್ತದೆ, ಮಗು ಪೂರ್ತಿ ಎಚ್ಚರವಾಗುತ್ತದೆ. ನಿಮ್ಮ ಅತ್ತೆ ನೋಡಿದ್ದು ಇದನ್ನೇ. ಅವರು ಕಂಡದ್ದು ಸುಳ್ಳಲ್ಲ. ಆದರೆ ನಗು ನಿಂತ ಮೇಲೆ ಮೈ ಸಡಿಲವಾಗುತ್ತದೆ, ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಕೊಡಬೇಕು. ಫಾಸ್ಟ್ ಲೋಕಲ್ ಸ್ಟೇಷನ್ನಿಗೆ ಬಂದು ಒಮ್ಮೆಲೇ ನಿಲ್ಲುವುದಿಲ್ಲ, ಎಷ್ಟೋ ದೂರದಿಂದಲೇ ವೇಗ ಇಳಿಸುತ್ತಾ ಬರುತ್ತದೆ ಅಲ್ವಾ? ನೀವು ಎಮ್ಮೆಯನ್ನು ಓದಿ, ಪುಸ್ತಕ ಮುಚ್ಚಿ, ‘ಹೂಂ, ಈಗ ಮಲಗಿ’ ಅಂದರೆ ಆ ದೂರವೇ ಸಿಗುವುದಿಲ್ಲ. ಹಾಗಾಗಿ ಊಟ ಮುಗಿದು ಕೈ ತೊಳೆದ ಕೂಡಲೇ ಎಮ್ಮೆ. ಮಂಚದ ಮೇಲೆ ಬೇಡ, ಹಾಲ್‌ನಲ್ಲಿ ಚಾಪೆ ಮೇಲೆ. ಕುಣಿಯುವುದಿದ್ದರೆ ಅಲ್ಲೇ ಕುಣಿಯಲಿ. ಆಮೇಲೆ ಹಲ್ಲುಜ್ಜುವುದು, ಸೂಸು, ಬಟ್ಟೆ ಬದಲು. ಆಮೇಲೆ ಹಾಸಿಗೆ. ಅಲ್ಲಿ ಟ್ಯೂಬ್‌ಲೈಟ್ ಬೇಡ, ಹಳದಿ ಬೆಳಕಿನ ಸಣ್ಣ ದೀಪ ಸಾಕು. ಜೋರು ಬೆಳಕು ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನನ್ನು ತಡೆಯುತ್ತದೆ, ಅದೂ ಚಿಕ್ಕ ಮಕ್ಕಳಲ್ಲಿ ಜಾಸ್ತಿ.

ದಿನಾ ಒಂದೇ ಕ್ರಮ ಇರಬೇಕು ಅನ್ನುವುದಕ್ಕೆ ಆಧಾರ ಇದೆ. ಜೋಡಿ ಮಿಂಡೆಲ್ ಎಂಬ ಮಕ್ಕಳ ನಿದ್ರಾತಜ್ಞೆ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 405 ತಾಯಂದಿರಿದ್ದರು. ಎಲ್ಲರದ್ದೂ ಮೂರು ವರ್ಷದೊಳಗಿನ ಮಕ್ಕಳು. ರಾತ್ರಿ ಒಂದೇ ಕ್ರಮ ಪಾಲಿಸಿದ ಎರಡು ವಾರದಲ್ಲೇ ಮಕ್ಕಳು ಬೇಗ ನಿದ್ದೆಹೋಗತೊಡಗಿದರು, ನಡುರಾತ್ರಿ ಏಳುವುದೂ ಕಡಿಮೆಯಾಯಿತು. ಮುಂದೇನು ಅಂತ ಮಗುವಿಗೆ ಗೊತ್ತಿದ್ದರೆ ಅದು ಜಗಳ ಆಡುವುದಿಲ್ಲ. ಆಡಿದರೂ ಕಡಿಮೆ ಆಡುತ್ತದೆ ಅನ್ನೋಣ.

ಇಷ್ಟು ರಗಳೆ ಯಾಕೆ, ಎಮ್ಮೆಯನ್ನು ಹಗಲಿಗೆ ಹಾಕಿಬಿಟ್ಟರಾಯಿತಲ್ಲ ಅಂತ ನೀವು ಕೇಳಬಹುದು. ಹಾಕಬಹುದು. ಆದರೆ ಮುಂಬಯಿಯಲ್ಲಿ ಅಮ್ಮನ ಜೊತೆ ಅಪ್ಪನೂ ಮಕ್ಕಳೂ ಒಟ್ಟಿಗೆ ಇರುವ ಹೊತ್ತು ರಾತ್ರಿ ಮಾತ್ರ. ಇಡೀ ದಿನದಲ್ಲಿ ಆ ಅರ್ಧ ಗಂಟೆ ಬರೀ ‘ಬೇಗ ತಿನ್ನು, ಬೇಗ ಮಲಗು’ ಆಗಿಬಿಟ್ಟರೆ ಚೆನ್ನಾಗಿರಲ್ಲ. ನಗಿಸುವ ಪುಸ್ತಕ ಮಾಡುವ ಕೆಲಸವೂ ಸಣ್ಣದಲ್ಲ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಎಮ್ಮೆಯ ಪುಸ್ತಕವನ್ನೇ ನೋಡಿ. ಯಜಮಾನ ‘ಎಮ್ಮೆ ಎಲ್ಲೂ ಇಲ್ಲವಲ್ಲಾ’ ಅನ್ನುತ್ತಾನೆ, ಕೆಳಗಿನ ಅಕ್ಷರವೂ ಅದನ್ನೇ ಹೇಳುತ್ತದೆ. ಚಿತ್ರದಲ್ಲಿ ಪರದೆಯ ಮೇಲೆ ಎರಡು ಕೊಂಬು ಕಾಣುತ್ತಿವೆ ಅಂತಿಟ್ಟುಕೊಳ್ಳಿ. ಇಂಥ ಪುಸ್ತಕಗಳ ಗುಟ್ಟೇ ಅದು. ಮಾತು ಒಂದು ಹೇಳುತ್ತದೆ, ಚಿತ್ರ ಇನ್ನೊಂದು ತೋರಿಸುತ್ತದೆ. ಓದುವ ದೊಡ್ಡವರಿಗೆ ಗೊತ್ತಿಲ್ಲದ್ದು ಓದು ಬಾರದ ಮಗುವಿಗೆ ಗೊತ್ತಾಗುತ್ತದೆ. ದಿನವಿಡೀ ಎಲ್ಲರೂ ಅದಕ್ಕೆ ಹೇಳಿಕೊಡುತ್ತಿರುತ್ತಾರೆ. ಈ ಒಂದು ಪುಟದಲ್ಲಿ ಅದೇ ಜಾಣ, ದೊಡ್ಡವರು ಪೆದ್ದರು. ನಗು ಬರದೆ ಇರುತ್ತದಾ?

ಹಾಗಾಗಿ ಓದುವಾಗ ನೀವು ಪೆದ್ದರಾಗಿಯೇ ಇರಿ. ಕೊಂಬು ಕಂಡರೂ ಕಂಡಿಲ್ಲ ಅನ್ನಿ. ‘ಎಲ್ಲಿ? ನನಗಂತೂ ಕಾಣಲ್ಲಪ್ಪ’ ಅನ್ನಿ. ಬಹಳ ಅಮ್ಮಂದಿರು ಇಲ್ಲೇ ಎಡವುತ್ತಾರೆ. ಬೆರಳಿಟ್ಟು ‘ನೋಡು ಪುಟ್ಟಾ, ಇಲ್ಲಿದೆ ಕೊಂಬು, ಅದು ಅಡಗಿಕೊಂಡಿದೆ, ತಮಾಷೆ ಅಲ್ವಾ’ ಅಂತ ವಿವರಿಸುತ್ತಾರೆ. ಅಲ್ಲಿಗೆ ತಮಾಷೆ ಸತ್ತಿತು. ಹುಡುಕುವ ಸುಖ ಮಗುವಿನದು, ಅದನ್ನು ಕಿತ್ತುಕೊಳ್ಳಬೇಡಿ.

ಪುಟ ತಿರುಗಿಸುವುದೂ ಒಂದು ಕಲೆ. ಚಿತ್ರಪುಸ್ತಕಗಳು ಸಾಮಾನ್ಯವಾಗಿ 24 ಅಥವಾ 32 ಪುಟ ಇರುತ್ತವೆ. ದೊಡ್ಡ ಹಾಳೆಯಲ್ಲಿ ಮುದ್ರಿಸಿ ಮಡಚುವಾಗ ಎಂಟರ ಲೆಕ್ಕದಲ್ಲಿ ಪುಟ ಬರುವುದರಿಂದ ಹಾಗೆ. ಅಷ್ಟರೊಳಗೆ ಕಥೆ ಮುಗಿಸಬೇಕಾದ ಲೇಖಕರು ಪ್ರತಿ ಬಲಪುಟದ ಕೊನೆಯಲ್ಲಿ ಏನಾದರೂ ಬಾಕಿ ಉಳಿಸುತ್ತಾರೆ. ‘ಫ್ರಿಜ್ ಬಾಗಿಲು ತೆಗೆದರೆ...’ ಅಂತ ನಿಲ್ಲುತ್ತದೆ. ಅಲ್ಲಿ ನೀವೂ ನಿಲ್ಲಿ. ಪುಟದ ಮೂಲೆ ಹಿಡಿದು, ಮಕ್ಕಳ ಮುಖ ನೋಡಿ, ಒಂದು ಉಸಿರು ಕಾಯಿರಿ. ಆ ಮೌನದಲ್ಲೇ ಅರ್ಧ ನಗು ಇರುತ್ತದೆ. ಗಡಿಬಿಡಿಯಲ್ಲಿ ಓದಿ ಮುಗಿಸಿದರೆ ಎಂಥ ಪುಸ್ತಕವೂ ಸಪ್ಪೆ.

ಇಬ್ಬರೂ ಒಂದೇ ಕಡೆ ನಗುತ್ತಾರಾ? ಗಮನಿಸಿ, ಇಲ್ಲ. ಮಕ್ಕಳ ಹಾಸ್ಯದ ಬಗ್ಗೆ ಬಹಳ ಕೆಲಸ ಮಾಡಿದ ಪಾಲ್ ಮೆಕ್‌ಗೀ ಒಂದು ಮಾತು ಹೇಳಿದ್ದಾರೆ. ಮಗು ಈಗಷ್ಟೇ ಚೆನ್ನಾಗಿ ಕಲಿತ ವಿಷಯ ತಲೆಕೆಳಗಾದರೆ ಅದಕ್ಕೆ ನಗು ಬರುತ್ತದೆ. ಎರಡು ವರ್ಷದವನು ಟೋಪಿ ತಲೆಗೆ, ಚಪ್ಪಲಿ ಕಾಲಿಗೆ ಅಂತ ಈಗ ಕಲಿತಿದ್ದಾನೆ. ಎಮ್ಮೆ ಚಪ್ಪಲಿಯನ್ನು ತಲೆ ಮೇಲೆ ಇಟ್ಟುಕೊಂಡರೆ ಅವನು ನಗುತ್ತಾನೆ. ನೀವು ಎಮ್ಮೆಯನ್ನು ತೋರಿಸಿ ‘ಬೆಕ್ಕು’ ಅಂದರೂ ನಗುತ್ತಾನೆ. ನಾಲ್ಕು ವರ್ಷದವಳಿಗೆ ಅದು ಸಾಲದು. ಅಷ್ಟು ದೊಡ್ಡ ಎಮ್ಮೆ ಫ್ರಿಜ್ಜಿನಲ್ಲಿ ಹಿಡಿಸುವುದೇ ಇಲ್ಲ ಅಂತ ಅವಳಿಗೆ ಗೊತ್ತು, ಅವಳ ನಗು ಅಲ್ಲಿ ಬರುತ್ತದೆ. ಪದಗಳ ಎರಡರ್ಥದ ತಮಾಷೆ ಇನ್ನೂ ಎರಡು ಮೂರು ವರ್ಷ ಆದ ಮೇಲೆ. ಇಬ್ಬರಿಗೂ ಒಂದೇ ಪುಸ್ತಕ ಹೇಗೆ ಓದುವುದು ಅಂತ ಚಿಂತೆ ಬೇಡ. ಅವರವರ ನಗು ಅವರೇ ಹುಡುಕಿಕೊಳ್ಳುತ್ತಾರೆ. ಚಿಕ್ಕವನು ಎಷ್ಟೋ ಸಲ ಅಕ್ಕ ನಕ್ಕಳು ಅಂತ ನಗುತ್ತಾನೆ, ಅದೂ ಒಳ್ಳೆಯದೇ.

ಇನ್ನೂ ಒಂದು ವಿಷಯ ನನಗೆ ತುಂಬಾ ಇಷ್ಟ. ಎಲೆನಾ ಹೊಯಿಕಾ ಮತ್ತು ಮೆರಿಡಿತ್ ಗ್ಯಾಟಿಸ್ 2008ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಪುಟಾಣಿಗಳ ಎದುರು ದೊಡ್ಡವರೊಬ್ಬರು ವಸ್ತುವನ್ನು ತಪ್ಪು ರೀತಿಯಲ್ಲಿ ಬಳಸುತ್ತಾರೆ. ಒಮ್ಮೆ ನಗುತ್ತಾ, ಒಮ್ಮೆ ‘ಅಯ್ಯೋ’ ಅನ್ನುವ ದನಿಯಲ್ಲಿ. ನಕ್ಕಾಗ ಮಕ್ಕಳು ಆ ತಪ್ಪನ್ನೇ ಅನುಕರಿಸಿದರು. ‘ಅಯ್ಯೋ’ ಅಂದಾಗ ಸರಿ ಮಾಡಿ ತೋರಿಸಿದರು. ಅಂದರೆ ಎರಡು ವರ್ಷದ ಸುಮಾರಿಗೇ ಮಗು ‘ಇವರು ಬೇಕಂತ ಮಾಡಿದರಾ, ಗೊತ್ತಿಲ್ಲದೆ ಮಾಡಿದರಾ’ ಅಂತ ನೋಡುತ್ತಿರುತ್ತದೆ. ಎದುರಿಗಿರುವವರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುವುದು ಅಲ್ಲಿಂದಲೇ ಶುರು. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ ಕಂಡಿದ್ದು ಇದು: ತಮಾಷೆ ಪುಸ್ತಕ ಓದುವಾಗ ಅಪ್ಪ ಅಮ್ಮ ಚಿತ್ರದಲ್ಲಿರುವುದನ್ನು ಹೆಸರಿಸಿ ಸುಮ್ಮನಾಗುವುದಿಲ್ಲ. ಅಲ್ಲಿ ಇಲ್ಲದ್ದರ ಬಗ್ಗೆ, ಆಗಲಾರದ್ದರ ಬಗ್ಗೆ ಜಾಸ್ತಿ ಮಾತಾಡುತ್ತಾರೆ. ಮಕ್ಕಳ ಭಾಷೆ ಬೆಳೆಯಲು ಬೇಕಾದ ಮಾತು ಅದೇ. ಅತ್ತೆಗೆ ಇದನ್ನು ಪಾಠದ ಹಾಗೆ ಒಪ್ಪಿಸಬೇಡಿ, ನಿಮ್ಮ ಧೈರ್ಯಕ್ಕೆ ಇರಲಿ.

ನಾಲ್ಕರ ವಯಸ್ಸಿನಲ್ಲಿ ಸೂಸು, ಕಕ್ಕ, ಹೂಸು ಅಂದರೆ ಸಾಕು, ಉರುಳಾಡುತ್ತಾರೆ. ಕಾರಣ ಮೇಲೆ ಹೇಳಿದ್ದೇ. ಡೈಪರ್ ಬಿಟ್ಟು ಬಹಳ ದಿನ ಆಗಿರುವುದಿಲ್ಲ, ಗೆದ್ದ ಖುಷಿ ಇನ್ನೂ ಇರುತ್ತದೆ. ಬೈಯಬೇಡಿ, ಹೆಚ್ಚು ಹುರಿದುಂಬಿಸಲೂ ಬೇಡಿ. ತಾನಾಗಿ ಕಳೆಯುತ್ತದೆ.

ಆದರೆ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಪುಸ್ತಕ ಯಾರನ್ನು ನೋಡಿ ನಗಿಸುತ್ತಿದೆ ಅಂತ ಕೊಳ್ಳುವ ಮೊದಲೇ ತಿರುವಿ ನೋಡಿ. ದಪ್ಪ ಹುಡುಗ, ಕಪ್ಪು ಹುಡುಗಿ, ತೊದಲುವವರು, ಹಳ್ಳಿಯವರು, ಮನೆಗೆಲಸದವರು ತಮಾಷೆಗೆ ಗುರಿಯಾಗಿದ್ದರೆ ಅದು ಮನೆಗೆ ಬೇಡ. ಚಿತ್ರ ಎಷ್ಟೇ ಚೆನ್ನಾಗಿರಲಿ. ಪೆದ್ದನಾಗುವವನು ರಾಜನೋ, ಮಾಸ್ತರನೋ, ಅಪ್ಪನೋ, ಎಮ್ಮೆಯೋ ಆಗಿರಲಿ. ಹಾಗೆಯೇ, ಮಗಳು ಹಾಸಿಗೆ ಒದ್ದೆ ಮಾಡಿಕೊಂಡಿದ್ದನ್ನು ಕಥೆಗೆ ಸೇರಿಸಿ ಎಲ್ಲರೆದುರು ನಗಿಸುವುದು ಬೇಡ. ಕಚಗುಳಿ ಕೂಡ ರಾತ್ರಿ ಬೇಡ. ಆ ನಗು ಮಗುವಿನ ಕೈಯಲ್ಲಿರುವುದಿಲ್ಲ.

ದಿನಾ ಅದೇ ಪುಸ್ತಕ. ಇದು ಎಲ್ಲ ಮನೆಯ ಗೋಳು. ನಿಮಗೆ ಸಾಕಾಗುವುದು ಸಹಜ, ಆದರೆ ಮಗಳು ಅಲ್ಲಿ ಬೇಸರವಿಲ್ಲದೆ ದುಡಿಯುತ್ತಿದ್ದಾಳೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಜೆಸ್ಸಿಕಾ ಹಾರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಮೂರು ವರ್ಷದ ಮಕ್ಕಳ ಮೇಲೆ ಮಾಡಿದ ಅಧ್ಯಯನ ಇದೆ. ಕೆಲವರಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಓದಿದರು, ಕೆಲವರಿಗೆ ಬೇರೆ ಬೇರೆ ಕಥೆ. ಹೊಸ ಪದಗಳು ಎರಡೂ ಕಡೆ ಅಷ್ಟೇ ಸಲ ಬರುತ್ತಿದ್ದವು. ಒಂದೇ ಕಥೆ ಕೇಳಿದ ಮಕ್ಕಳೇ ಪದಗಳನ್ನು ಚೆನ್ನಾಗಿ ಕಲಿತಿದ್ದರು. ಕಥೆ ಮುಂದೇನಾಗುತ್ತದೆ ಎಂಬ ಚಿಂತೆ ಇಲ್ಲದಾಗ ಮಗು ಸಣ್ಣಪುಟ್ಟದ್ದನ್ನು ನೋಡುತ್ತದೆ. ತಮಾಷೆಯಲ್ಲಂತೂ ಮುಂದೇನು ಅಂತ ಗೊತ್ತಿರುವುದೇ ಮಜಾ. ಪುಟ ತಿರುಗುವ ಮೊದಲೇ ಅವಳು ನಗಲು ಶುರು ಮಾಡುತ್ತಾಳಲ್ಲ, ಅದು ಅದೇ.

ನಿಮ್ಮ ಬೇಸರಕ್ಕೆ ಒಂದು ಮದ್ದಿದೆ, ಬೇಕಂತ ತಪ್ಪು ಓದುವುದು. ‘ಆಗ ಒಂದು ಇಲಿ ಪರದೆ ಹಿಂದೆ ಅಡಗಿಕೊಂಡಿತು’ ಅನ್ನಿ. ‘ಇಲಿ ಅಲ್ಲಮ್ಮಾ, ಎಮ್ಮೆ!’ ಅಂತ ಇಬ್ಬರೂ ಕಿರುಚುತ್ತಾರೆ. ಕೆಲವು ದಿನ ಪುಸ್ತಕವನ್ನು ಮಗಳ ಕೈಗೆ ಕೊಟ್ಟು ‘ನೀನೇ ತಮ್ಮನಿಗೆ ಓದು’ ಅನ್ನಿ. ಚಿತ್ರ ನೋಡಿ ಇಡೀ ಕಥೆ ಒಪ್ಪಿಸುತ್ತಾಳೆ, ನಿಮ್ಮ ದನಿಯ ಏರಿಳಿತ ಸಮೇತ. ನಿಮ್ಮ ದನಿ ಹೊರಗಿನವರಿಗೆ ಹೇಗೆ ಕೇಳುತ್ತದೆ ಅಂತ ಅವತ್ತು ಗೊತ್ತಾಗುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಇಲ್ಲೊಂದು ಎಚ್ಚರ. ‘ಎಮ್ಮೆ ಯಾಕೆ ಹೀಗೆ ಮಾಡಿತು? ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಅಂತ ಪ್ರಶ್ನೆ ಕೇಳುತ್ತಾ ಓದಿ ಅಂತ ಶಾಲೆಯವರು ಹೇಳಿರಬಹುದು. ತಪ್ಪಲ್ಲ. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ತಂಡ ಹೀಗೆ ಓದುವುದನ್ನು ಅಪ್ಪ ಅಮ್ಮಂದಿರಿಗೆ ಕಲಿಸಿ, ಒಂದೇ ತಿಂಗಳಲ್ಲಿ ಮಕ್ಕಳ ಮಾತು ಮುಂದೆ ಹೋಗಿದ್ದನ್ನು ತೋರಿಸಿದೆ. ಆದರೆ ಅದನ್ನು ಭಾನುವಾರ ಬೆಳಗ್ಗೆಗೆ ಇಟ್ಟುಕೊಳ್ಳಿ. ರಾತ್ರಿ ನಗುವ ಮಗುವನ್ನು ತಡೆದು ಪರೀಕ್ಷೆ ಮಾಡಿದರೆ ಅದು ಪುಸ್ತಕದಿಂದಲೇ ದೂರ ಹೋಗುತ್ತದೆ. ಅದಾಗಿಯೇ ಏನಾದರೂ ಕೇಳಿದರೆ ಉತ್ತರ ಕೊಡಿ, ಅಷ್ಟೇ.

ಇಂಗ್ಲಿಷ್ ಪುಸ್ತಕವನ್ನು ಕನ್ನಡದಲ್ಲಿ ಹೇಳುವುದು ಸರಿಯೇ? ಖಂಡಿತ ಸರಿ. ಸಾಲು ಸಾಲಾಗಿ ಅನುವಾದ ಮಾಡಲು ಹೋಗಬೇಡಿ, ತಡವರಿಸುತ್ತೀರಿ. ಚಿತ್ರ ನೋಡಿ ನಿಮ್ಮ ಮನೆ ಮಾತಿನಲ್ಲಿ ಹೇಳಿ. ನಿಮ್ಮದು ಧಾರವಾಡದ ಕಡೆಯ ಮಾತಾಗಿದ್ದರೆ ಯಜಮಾನ ‘ಎಲ್ಲಿ ಹೋದಿ ನೀ?’ ಅನ್ನಲಿ. ಅತ್ತೆಯದು ಕುಂದಾಪುರದ ಮಾತಾಗಿದ್ದರೆ ಎಮ್ಮೆ ಅದರಲ್ಲೇ ಜವಾಬು ಕೊಡಲಿ. ಹೊರಗೆ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಕೇಳುವ ಮಗುವಿಗೆ ಕನ್ನಡ ಬರೀ ‘ಊಟ ಮಾಡು, ಬಟ್ಟೆ ಹಾಕ್ಕೋ’ ಅನ್ನುವ ಭಾಷೆಯಾಗಿ ಉಳಿಯಬಾರದು. ನಗಲಿಕ್ಕೂ ಅದು ಬೇಕು.

ನಿಮ್ಮ ಗಂಡನಿಗೆ ಕನ್ನಡ ಓದಲು ಬರದಿರುವುದು ದೊಡ್ಡ ಅಡ್ಡಿಯೇನಲ್ಲ. ಮೇರಿ ಆ್ಯನ್ ಎವನ್ಸ್ ಮತ್ತು ಜಾನ್ ಸೇಂಟ್-ಒಬಾನ್ 2005ರಲ್ಲಿ ಮಕ್ಕಳ ಕಣ್ಣು ಎಲ್ಲಿ ಓಡುತ್ತದೆ ಅಂತ ಯಂತ್ರದಿಂದ ಅಳೆದರು. ಓದಿ ಹೇಳುವಾಗ ಶಾಲೆಗೆ ಮೊದಲಿನ ವಯಸ್ಸಿನ ಮಕ್ಕಳು ನೋಡುವುದು ಚಿತ್ರವನ್ನೇ. ಅಕ್ಷರದ ಕಡೆ ಕಣ್ಣು ಹೋಗುವುದು ತೀರಾ ಕಡಿಮೆ. ಅಪ್ಪ ಮರಾಠಿ ಓದುತ್ತಾರಾದರೆ ಮರಾಠಿ ಪುಸ್ತಕ ಹಿಡಿದು ಕನ್ನಡದಲ್ಲಿ ಹೇಳಲಿ. ಪುಣೆಯ ಜ್ಯೋತ್ಸ್ನಾ ಪ್ರಕಾಶನದವರ ಮಕ್ಕಳ ಪುಸ್ತಕಗಳು ಬಹಳ ಸೊಗಸಾಗಿವೆ. ಮಾತೇ ಇಲ್ಲದ, ಬರೀ ಚಿತ್ರದ ಪುಸ್ತಕಗಳೂ ಸಿಗುತ್ತವೆ. ಇನ್ನೊಂದು ವಿಷಯ, ಅಪ್ಪ ಒಂಬತ್ತೂವರೆಗೆ ಬಂದು ಮಕ್ಕಳನ್ನು ಎತ್ತಿ ಹಾರಿಸಿದರೆ ನೀವು ಮಾಡಿದ್ದೆಲ್ಲ ನೀರುಪಾಲು. ಬೇಗ ಬಂದ ದಿನ ಎಮ್ಮೆ ಅವರ ಪಾಲಿಗೆ. ತಡವಾದ ದಿನ ಹಾಸಿಗೆಯಲ್ಲಿ ಪಕ್ಕಕ್ಕೆ ಮಲಗಿ ಎರಡು ಮಾತು ಆಡಲಿ, ಹೆಚ್ಚು ಬೇಡ. ಶನಿವಾರ, ಭಾನುವಾರ ಎಷ್ಟು ಬೇಕಾದರೂ ಕುಣಿಸಲಿ.

ಅತ್ತೆಯವರಿಗೆ ಕೊನೆಯ ಕಥೆ ಕೊಡಿ. ದೀಪ ಆರಿಸಿದ ಮೇಲೆ, ಪುಸ್ತಕ ಇಲ್ಲದೆ, ಕತ್ತಲಲ್ಲಿ ಹೇಳುವ ಕಥೆ. ಅವರಿಗೆ ಬೇಕಾದ ಒಳ್ಳೆ ಮಾತು ಅಲ್ಲಿ ಬರಲಿ. ಮೆಲ್ಲನೆ, ಒಂದೇ ದನಿಯಲ್ಲಿ ಹೇಳುವುದರಲ್ಲಿ ಅಜ್ಜಿಯರನ್ನು ಮೀರಿಸುವವರಿಲ್ಲ. ಅದಕ್ಕಾಗಿ ಒಂಬತ್ತರ ಸೀರಿಯಲ್ ಬಿಡಬೇಕಾದೀತು, ಆ ಮಾತುಕತೆ ನಿಮಗೆ ಬಿಟ್ಟಿದ್ದು.

ಕನ್ನಡದ್ದೇ ಪುಸ್ತಕ ಬೇಕಾದರೆ ಇಲ್ಲಿ ಅಂಗಡಿಗಳಲ್ಲಿ ಸಿಗುವುದು ಕಷ್ಟ, ನಿಜ. ಚೆನ್ನೈನ ತೂಲಿಕಾ ಕನ್ನಡ ಮತ್ತು ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಪುಸ್ತಕಗಳನ್ನು ತಂದಿದೆ. ನಿಮ್ಮಂಥ ಮನೆಗೆ ಹೇಳಿ ಮಾಡಿಸಿದ್ದು. ಬೆಂಗಳೂರಿನ ಪ್ರಥಮ್ ಬುಕ್ಸ್ ಶುರುವಾಗಿದ್ದು 2004ರಲ್ಲಿ. ಬೆಲೆ ಕಡಿಮೆ, ಕನ್ನಡದಲ್ಲಿ ಬೇಕಾದಷ್ಟಿವೆ. ಅವರೇ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಕಥೆಗಳನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ರಾತ್ರಿ ಮೊಬೈಲಿನಲ್ಲಿ ತೋರಿಸಬೇಡಿ, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಪಿನ್ ಹೊಡೆಯಿರಿ. ಕಪ್ಪು ಬಿಳುಪಾದರೂ ಪರವಾಗಿಲ್ಲ, ಮಗಳು ಬಣ್ಣ ತುಂಬುತ್ತಾಳೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ಕನ್ನಡ ಮಕ್ಕಳ ಪುಸ್ತಕಗಳನ್ನೂ ಮರೆಯಬೇಡಿ. ಮೇ ರಜೆಗೆ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುವವರಾದರೆ ವಾಪಸ್ ಬರುವಾಗ ಹಪ್ಪಳ, ಉಪ್ಪಿನಕಾಯಿ ಜೊತೆ ನಾಲ್ಕು ಪುಸ್ತಕಕ್ಕೂ ಜಾಗ ಮಾಡಿ.

ಇಷ್ಟೆಲ್ಲ ಮಾಡಿಯೂ ದೀಪ ಆರಿಸಿದ ಮೇಲೆ ವಾರಗಟ್ಟಲೆ ಒಂದು ಗಂಟೆಗಿಂತ ಹೆಚ್ಚು ಎಚ್ಚರವಿದ್ದರೆ, ಅಥವಾ ದಿನಾ ಜೋರಾಗಿ ಗೊರಕೆ ಹೊಡೆದು ಬಾಯಲ್ಲಿ ಉಸಿರಾಡುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಗಂಟಲಿನ ಗ್ರಂಥಿ ಊದಿಕೊಂಡರೂ ಹಾಗಾಗುತ್ತದೆ.

ಪುಟ ಹರಿಯುವ ವಿಷಯ. ಎರಡು ವರ್ಷದ ಕೈಗೆ ತೆಳ್ಳನೆ ಕಾಗದ ತಿರುಗಿಸುವ ಹದ ಇನ್ನೂ ಬಂದಿರುವುದಿಲ್ಲ, ಅದು ತುಂಟತನ ಅಲ್ಲ. ಅವನದ್ದೇ ಅಂತ ದಪ್ಪ ರಟ್ಟಿನ ಒಂದೆರಡು ಪುಸ್ತಕ ಕೊಡಿ, ಕಚ್ಚಿದರೂ ತಡೆಯುತ್ತವೆ. ಎಮ್ಮೆ ಓದುವಾಗ ‘ಈಗ ನೀನು ತಿರುಗಿಸು’ ಅಂತ ಪುಟದ ಅಂಚನ್ನು ಸ್ವಲ್ಪ ಎತ್ತಿ ಹಿಡಿಯಿರಿ, ಮೆಲ್ಲಗೆ ಕಲಿಯುತ್ತಾನೆ. ಹರಿದದ್ದನ್ನು ಅವನನ್ನೂ ಕೂರಿಸಿಕೊಂಡು ಟೇಪ್ ಹಚ್ಚಿ. ಪಾರದರ್ಶಕ ಟೇಪೇ ಇರಲಿ, ಕಂದು ಬಣ್ಣದ್ದು ಹಚ್ಚಿದರೆ ಕೊಂಬು ಮುಚ್ಚಿಹೋಗುತ್ತದೆ.